ಸುಳಿಯ ಭಯ

"ಮಾವ, ಈ ಪುಸ್ತಕಾನ ನೀವೊಂದು ಸಲ ನೋಡಿ. ಇದನ್ನ ಓದಿದಾಗಿನಿಂದ ಹುಡುಗ ರಾತ್ರಿ ಹೊತ್ತು ಬಚ್ಚಲಮನೆಗೂ ಒಬ್ಬನೇ ಹೋಗಲ್ಲ. ಇಟ್ಕೋಬಹುದೋ, ರದ್ದಿಗೆ ಹಾಕೋದೋ, ನೀವೇ ಹೇಳಿ" ಎಂದು ನನ್ನ ಸೊಸೆಯು ಕಳೆದ ಮಳೆಗಾಲದ ಒಂದು ಸಂಜೆ ಇಟ್ಟಿಗೆಯಷ್ಟು ದಪ್ಪನಾದ ಒಂದು ಗ್ರಂಥವನ್ನು ತಂದು ನನ್ನ ಮುಂದಿಟ್ಟಳು. ನಿವೃತ್ತನಾದ ಉಪಾಧ್ಯಾಯನಿಗೆ ಮನೆಯವರು ಉಳಿಸಿಕೊಡುವ ಅಧಿಕಾರವು ಇಂಥದೇ ಅಲ್ಲವೆ! ಕನ್ನಡಕವನ್ನು ಒರೆಸಿಕೊಂಡು ವಿಚಾರಣೆಗೆ ಕುಳಿತೆನು.

ಆರಂಭದಲ್ಲಿಯೇ ನನಗೆ ಸೋಲಾಯಿತು. ಮೊದಲನೆಯ ಪುಟವೆಂದು ನಾನು ತೆರೆದುದು ಕಟ್ಟಕಡೆಯ ಪುಟ. ಅದು ಜಪಾನೀಯರ ಚಿತ್ರಕಥೆ. 'ಮಾಂಗಾ' ಎಂದು ಅವರು ಕರೆಯುವ ಜಾತಿಯದು. ಅವರ ಚಿತ್ರಗಳು ಬಲದಿಂದ ಎಡಕ್ಕೆ ಸಾಗುವುವಾದ್ದರಿಂದ ಇಂಗ್ಲಿಷಿಗೆ ತಂದವರೂ ಆ ಕ್ರಮವನ್ನೇ ಉಳಿಸಿಕೊಂಡಿದ್ದಾರೆ. ಮೊಮ್ಮಗನು ಬಂದು, "ತಾತ, ಆ ಕಡೆಯಿಂದ" ಎಂದು ತಿರುಗಿಸಿಕೊಟ್ಟನು. ಗ್ರಂಥದ ಹೆಸರು 'ಉಜುಮಾಕಿ'. ಕರ್ತೃ ಜುಂಜಿ ಇಟೊ ಎಂಬವನು. 1963ರಲ್ಲಿ ಗಿಫು ಪ್ರಾಂತದಲ್ಲಿ ಹುಟ್ಟಿದವನು. ಮೊದಲು ಕೃತಕದಂತಗಳನ್ನು ಮಾಡುವ ಉದ್ಯೋಗದಲ್ಲಿದ್ದು, 1987ರಲ್ಲಿ ಪ್ರಕಟವಾದ 'ಟೊಮಿಯೆ' ಎಂಬ ಕಥೆಯಿಂದ ಹೆಸರು ಪಡೆದನಂತೆ. 'ಉಜುಮಾಕಿ'ಯು 1998-99ರಲ್ಲಿ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿತು.

ಉಜುಮಾಕಿಯೆಂದರೆ ಸುಳಿ. ಈ ಅರ್ಥವನ್ನು ಕೇಳಿದೊಡನೆ ನನಗೆ ಪುಸ್ತಕದಲ್ಲಿ ಆಸಕ್ತಿಯು ಹುಟ್ಟಿತು. ಏಕೆಂದರೆ ಕನ್ನಡಿಗನಿಗೆ ಸುಳಿಯು ಬರಿಯ ಆಕಾರವಲ್ಲ. ಹೊಳೆಯಲ್ಲಿ ಈಜುವವನನ್ನು ಎಳೆದುಕೊಳ್ಳುವುದು ಸುಳಿ. ಬಯಲಿನಲ್ಲಿ ತರಗೆಲೆಯನ್ನು ಎತ್ತಿ ಆಡಿಸುವುದು ಸುಳಿಗಾಳಿ. ಬಾಳೆಯ ಎಳೆಯ ಕುಡಿಯೂ ಸುಳಿಯೇ. ಮಗುವಿನ ನೆತ್ತಿಯಲ್ಲಿ ಎರಡು ಸುಳಿಯಿದ್ದರೆ ಎರಡು ಮದುವೆಯೆಂದು ಹೆಂಗಸರು ನಗುತ್ತಾರೆ. ನಾನು ಹುಡುಗನಾಗಿದ್ದಾಗ ತಂದೆಯವರೊಡನೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿದ್ದೆನು. ಬೆಳ್ಳಗೆ ಶಂಖದಂತಿದ್ದ ಒಂದು ಹೋರಿಗೆ ಬೆಲೆಯೂ ಕುದುರಿತ್ತು, ಹಲ್ಲನ್ನೂ ನೋಡಿಯಾಗಿತ್ತು. ಆ ಮೇಲೆ ಅದರ ಮೈಮೇಲಿನ ಒಂದು ಸುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮಾತನಾಡದೆ ಹಗ್ಗವನ್ನು ಬಿಟ್ಟುಬಿಟ್ಟರು. ಮನೆಗೆ ಬರುವವರೆಗೂ ಕಾರಣವನ್ನು ಹೇಳಲಿಲ್ಲ. ಸಂಸ್ಕೃತದಲ್ಲಿ ಅಶ್ವಲಕ್ಷಣವನ್ನು ಹೇಳುವವರೂ ಈ 'ಆವರ್ತ'ಗಳನ್ನು ಶುಭವೆಂದೂ ಅಶುಭವೆಂದೂ ವಿಂಗಡಿಸುತ್ತಾರೆ.

ಇಟೊನ ಕಥೆಯಲ್ಲಿ ಇಂಥ ವಿಂಗಡಣೆಯಿಲ್ಲ. ಕುರೊಜು ಎಂಬ ಸಮುದ್ರತೀರದ ಸಣ್ಣ ಊರು. ಅಲ್ಲಿಯ ಒಬ್ಬ ಗೃಹಸ್ಥನಿಗೆ ಸುಳಿಯ ಆಕಾರದಲ್ಲಿ ಮೋಹವು ಹುಟ್ಟುತ್ತದೆ. ಗೋಡೆಯ ಮೇಲಣ ಬಸವನಹುಳುವನ್ನು ಗಂಟೆಗಟ್ಟಲೆ ನೋಡುತ್ತ ನಿಲ್ಲುತ್ತಾನೆ. ಕೊನೆಗೆ ಒಂದು ದುಂಡು ಮರದ ತೊಟ್ಟಿಯಲ್ಲಿ ತನ್ನ ದೇಹವನ್ನೇ ಸುಳಿಯಾಗಿ ಸುತ್ತಿಕೊಂಡು ಸಾಯುತ್ತಾನೆ. ಅವನ ಚಿತೆಯ ಹೊಗೆಯು ಆಕಾಶದಲ್ಲಿ ಸುತ್ತಿಕೊಂಡು ಊರ ಕೊಳಕ್ಕೆ ಇಳಿಯುತ್ತದೆ. ಹೆಂಡತಿಯು ಸುಳಿಗೆ ಹೆದರಿ ತಲೆಯನ್ನು ಬೋಳಿಸಿಕೊಳ್ಳುತ್ತಾಳೆ, ಬೆರಳ ತುದಿಯ ಚರ್ಮವನ್ನು ಕತ್ತರಿಸಿಕೊಳ್ಳುತ್ತಾಳೆ. ಆದರೆ ಕಿವಿಯೊಳಗೆ ಶಂಖದಂತೆ ಸುತ್ತಿರುವ ಒಂದು ಅಂಗವುಂಟಲ್ಲ, ಅದನ್ನೇನು ಮಾಡುವುದು? ಓದುತ್ತಿದ್ದವನು ಇಲ್ಲಿ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಮಳೆಯನ್ನು ನೋಡುತ್ತ ಕುಳಿತೆನು.

ಕಾಂಪೌಂಡಿನ ಗೋಡೆಯ ಮೇಲೆ ಬಸವನಹುಳುಗಳಿದ್ದುವು. ಹೆಬ್ಬಾಳದ ಕೆರೆಯ ಮಗ್ಗುಲಲ್ಲಿರುವ ನಮ್ಮ ಕೆಂಪಾಪುರದಲ್ಲಿ ಮಳೆ ಹಿಡಿದರೆ ಅಂಗೈಯಗಲದ ಆಫ್ರಿಕಾದ ಹುಳುಗಳು ಪಪ್ಪಾಯಿಯ ಗಿಡಕ್ಕೆ ಹತ್ತುತ್ತವೆ. 1847ರಲ್ಲಿ ಬೆನ್ಸನ್ ಎಂಬ ಆಂಗ್ಲನು ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದುಬಿಟ್ಟ ಸಂತತಿಯಿದು. ಕೊಂಬಿರುವ ಕಾರಣ ಅದಕ್ಕೆ ಬಸವನ ಹೆಸರನ್ನಿಟ್ಟು ನಾವು ಮುದ್ದಿಸಿದ್ದೇವೆ. ಇಟೊನ ಊರಿನಲ್ಲಾದರೋ, ಮಳೆಯ ದಿನ ಮಾತ್ರ ಶಾಲೆಗೆ ಬರುವ ಒಬ್ಬ ಮಂದಗತಿಯ ಹುಡುಗನು ಮೆಲ್ಲಮೆಲ್ಲನೆ ಬಸವನಹುಳುವಾಗುತ್ತಾನೆ. ಅವನ ಉಪಾಧ್ಯಾಯನಿಗೂ ಕಡೆಗೆ ಅದೇ ಗತಿ. ಇಂಥ ಹುಡುಗರನ್ನು ನಾನೂ ಬಹಳ ಮಂದಿಯನ್ನು ಬೈದಿದ್ದೇನೆ. ಆದ್ದರಿಂದ ನಕ್ಕೆನಾದರೂ ನಗೆಯು ಗಂಟಲಿನಿಂದ ಹೊರಡಲಿಲ್ಲ.

ಇದು ದೆವ್ವದ ಕಥೆಯಲ್ಲವೆಂಬುದು ನನಗೆ ಅರ್ಧ ಗ್ರಂಥವಾದ ಮೇಲೆ ಹೊಳೆಯಿತು. ನಮ್ಮ ದೆವ್ವಗಳಿಗೆ ಕಾರಣವುಂಟು: ಅನ್ಯಾಯವಾಗಿ ಸತ್ತವರು, ಶ್ರಾದ್ಧವಿಲ್ಲದವರು. ಅವುಗಳೊಡನೆ ಮಾತನಾಡಬಹುದು, ಬೇಡಿದುದನ್ನು ಕೊಟ್ಟು ಕಳುಹಿಸಬಹುದು. ಸುಳಿಗೆ ಯಾರ ಮೇಲೂ ಹಗೆಯಿಲ್ಲ, ಯಾರಲ್ಲಿಯೂ ಕೋರಿಕೆಯಿಲ್ಲ. ಅದು ಸುಮ್ಮನೆ ಸುತ್ತುತ್ತದೆ. ಇಂಥ ಕಥೆಗಳಿಗೆ ಆಂಗ್ಲರು ಕಾಸ್ಮಿಕ್ ಹಾರರ್ ಎನ್ನುತ್ತಾರೆ. ನಾವು ಬ್ರಹ್ಮಾಂಡಭೀತಿ ಎನ್ನಬಹುದು. ಇದಕ್ಕೆ ದಾರಿ ಹಾಕಿದವರಲ್ಲಿ ಮುಖ್ಯನು ಅಮೆರಿಕದ ಲವ್‌ಕ್ರಾಫ್ಟ್ (1890-1937). ಈ ಅಪಾರವಾದ ವಿಶ್ವದಲ್ಲಿ ಮನುಷ್ಯನ ಧರ್ಮಕ್ಕಾಗಲಿ ಸುಖದುಃಖಗಳಿಗಾಗಲಿ ಯಾವ ಬೆಲೆಯೂ ಇಲ್ಲವೆಂಬುದೇ ಅವನ ಕಥೆಗಳ ತಿರುಳು. ಇಟೊನು ತಾನು ಅವನಿಗೆ ಋಣಿಯೆಂದು ಒಪ್ಪಿಕೊಂಡಿದ್ದಾನೆ.

ಭಯಾನಕರಸದ ಬಣ್ಣವು ಕಪ್ಪು, ಅಧಿದೇವತೆಯು ಕಾಲ ಎಂದು ಭರತಮುನಿಯ ಮತ. ಎಷ್ಟೋ ವರ್ಷ ಅದನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೇನೆ. ಕೂದಲೆಳೆಯಂಥ ಕಪ್ಪು ಗೆರೆಗಳಿಂದ ತುಂಬಿದ ಈ ಪುಟಗಳನ್ನು ನೋಡುವವರೆಗೆ ಅದು ನನಗೆ ಪರೀಕ್ಷೆಯ ಒಂದು ಉತ್ತರವಾಗಿತ್ತು, ಅಷ್ಟೆ. ಮೊಮ್ಮಗನು ಇದೇ ಕರ್ತೃವಿನ 'ರೆಮಿನಾ' (2004-05) ಎಂಬ ಇನ್ನೊಂದು ಕಥೆಯನ್ನೂ ತೋರಿಸಿದನು. ಅದರಲ್ಲಿ ನಕ್ಷತ್ರಗಳನ್ನು ನುಂಗುತ್ತ ಬರುವ ಒಂದು ಗ್ರಹವು ನಾಲಗೆಯನ್ನು ಚಾಚಿ ಭೂಮಿಯನ್ನು ನೆಕ್ಕುತ್ತದೆ. ನನಗೆ ಮೈ ಜುಮ್ಮೆಂದಿತು. ಇದನ್ನು ನಾನು ಬಲ್ಲೆ! ಗೀತೆಯ 11ನೆಯ ಅಧ್ಯಾಯದ ವಿಶ್ವರೂಪವು ಉರಿಯುವ ಬಾಯಿಗಳಿಂದ ಲೋಕಗಳನ್ನೆಲ್ಲ ನುಂಗುತ್ತ ನೆಕ್ಕುತ್ತದೆಯಷ್ಟೆ. ಅರ್ಜುನನು ಮೊದಲು ಬೆರಗಾಗಿ, ಆಮೇಲೆ ನಡುಗಿ, ದಿಕ್ಕುಗಳನ್ನೇ ಮರೆಯುತ್ತಾನೆ. ಆ ರೂಪವು ತನ್ನನ್ನು ಕಾಲವೆಂದೇ ಹೇಳಿಕೊಳ್ಳುತ್ತದೆ.

ಇಷ್ಟಾದ ಮೇಲೆ ಉಪಾಧ್ಯಾಯನ ಚಾಳಿಯು ಬಿಡುತ್ತದೆಯೆ? ಮೊಮ್ಮಗನನ್ನು ಕೂರಿಸಿಕೊಂಡು ಹೇಳಿದೆನು: "ನೋಡಪ್ಪಾ, ಭಯ ಎರಡರಲ್ಲೂ ಒಂದೇ. ಆದರೆ ಅರ್ಜುನನಿಗೆ 'ನೀನು ಯಾರು' ಎಂದು ಕೇಳುವುದಕ್ಕೆ ಒಬ್ಬನಿದ್ದನು. ಬೇಡಿಕೊಂಡ, ಕೃಷ್ಣ ಸೌಮ್ಯರೂಪಕ್ಕೆ ಬಂದು ಸಮಾಧಾನ ಮಾಡಿದ. ನಿನ್ನ ಪುಸ್ತಕದಲ್ಲಿ ಸುಳಿಯನ್ನು ಕೇಳುವುದಕ್ಕೆ ಯಾರೂ ಇಲ್ಲ. ವ್ಯತ್ಯಾಸ ಅಷ್ಟೇ."

ನನ್ನ ಮಟ್ಟಿಗೆ ಪಾಠವು ಮುಗಿದಿತ್ತು. ಹುಡುಗನು ಪುಸ್ತಕದ ಅಂಚನ್ನು ಕೆರೆಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಅಭಿಮನ್ಯುಗೆ ಯಾರಿದ್ದರು, ತಾತ?" ಎಂದನು.

ಉತ್ತರವು ನನ್ನ ಬಳಿ ಸಿದ್ಧವಾಗಿರಲಿಲ್ಲ. ತಂದೆಯು ವಿಶ್ವರೂಪವನ್ನು ಕಂಡುದು ಯುದ್ಧದ ಮೊದಲನೆಯ ದಿನ. ಮಗನು ಚಕ್ರವ್ಯೂಹವನ್ನು ಹೊಕ್ಕುದು 13ನೆಯ ದಿನ. ಅಂದು ಸಂಶಪ್ತಕರು ಕೃಷ್ಣಾರ್ಜುನರನ್ನು ಬೇರೆ ಕಡೆಗೆ ಸೆಳೆದೊಯ್ದಿದ್ದರು. ಬೆನ್ನ ಹಿಂದೆ ಬರಬೇಕಾಗಿದ್ದ ದೊಡ್ಡಪ್ಪಂದಿರನ್ನು ಜಯದ್ರಥನು ಬಾಗಿಲಲ್ಲೇ ತಡೆದನು. ಹುಡುಗನಿಗೆ ಒಳಗೆ ಹೋಗುವ ವಿದ್ಯೆಯು ಮಾತ್ರ ಗೊತ್ತು. ಇಟೊನ ಊರಿನಲ್ಲಿಯೂ ಹೊರಗೆ ಹೊರಟವರೆಲ್ಲರೂ ಸುತ್ತಿ ಸುತ್ತಿ ಅದೇ ಕೊಳದ ಬಳಿಗೆ ಬರುತ್ತಾರೆ. ಕಡೆಗೆ ಕಥಾನಾಯಕಿಯೂ ಅವಳ ಪ್ರಿಯನೂ ಕೊಳದ ಅಡಿಯಲ್ಲಿರುವ ಸುಳಿಯ ಪಟ್ಟಣದಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮಲಗುತ್ತಾರೆ. ಅವರು ಇಬ್ಬರಾದರೂ ಇದ್ದರು.

ಸೊಸೆಗೆ ಕೊಟ್ಟ ತೀರ್ಪು ಇದು: ಗ್ರಂಥವು ರದ್ದಿಗೆ ಹೋಗಬೇಕಾಗಿಲ್ಲ. ಬೀಭತ್ಸವು ಅಲ್ಲಲ್ಲಿ ಮಿತಿಮೀರಿದೆ. ಬಸುರಿಯರ ಆಸ್ಪತ್ರೆಯ ಭಾಗವನ್ನಂತೂ ಬರೆಯದಿದ್ದರೆ ಕರ್ತೃವಿಗೆ ನಷ್ಟವೇನೂ ಆಗುತ್ತಿರಲಿಲ್ಲ. ಎಂಟು ವರ್ಷದ ಮೊಮ್ಮಗಳ ಕೈಗೆ ಸಿಕ್ಕದಂತೆ ಬೀರುವಿನ ಮೇಲಿಡಬೇಕು. ದೊಡ್ಡವನು ಹಗಲಿನಲ್ಲಿ ಓದಿಕೊಳ್ಳಲಿ.

ದಸರಾ ರಜೆಯಲ್ಲಿ ಅವನನ್ನು ಹಳೇಬೀಡಿಗೆ ಕರೆದುಕೊಂಡು ಹೋದೆನು. 12ನೆಯ ಶತಮಾನದ ಹೊಯ್ಸಳೇಶ್ವರ ದೇವಾಲಯವು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನಸಂದಣಿಯೂ ಹೆಚ್ಚು. ಹೊರಗೋಡೆಯ ಶಿಲ್ಪಪಂಕ್ತಿಯಲ್ಲಿ ಚಕ್ರವ್ಯೂಹವಿದೆ: ಕಲ್ಲಿನಲ್ಲಿ ಸುತ್ತುಸುತ್ತಾಗಿ ಒಳಕ್ಕೆ ಹೋಗುವ ಗೆರೆಗಳು. ಹುಡುಗನು ಕಲ್ಲನ್ನು ಮುಟ್ಟದೆ ಗಾಳಿಯಲ್ಲಿಯೇ ಬೆರಳನ್ನು ಆ ದಾರಿಯ ಮೇಲೆ ನಡೆಸುತ್ತ ಹೋದನು. ನಡುವನ್ನು ಮುಟ್ಟಿದ ಮೇಲೆ ಬೆರಳು ಅಲ್ಲಿಯೇ ನಿಂತಿತು. ಹಿಂದಿದ್ದವರು ಜಾಗ ಬಿಡಿರೆಂದು ಕೇಳುವವರೆಗೂ ನಾವಿಬ್ಬರೂ ಅದರ ಮುಂದೆಯೇ ನಿಂತಿದ್ದೆವು.