ಅಶ್ರುವಾಯು ಮನೆಯೊಳಗೆ ಬಂದಾಗ

ಅಶ್ರುವಾಯು ಎಂಬ ಪದ ಪತ್ರಿಕೆ ಓದುವವರಿಗೆ ಹೊಸದಲ್ಲ. ಗುಂಪು ಚದುರಿತು, ಪರಿಸ್ಥಿತಿ ಹತೋಟಿಗೆ ಬಂತು ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಆದರೆ ಚದುರಿ ಹೋಗಲು ಜಾಗವೇ ಇಲ್ಲದ ಕಡೆ ಅದನ್ನು ಪದೇ ಪದೇ ಸಿಡಿಸಿದರೆ ಆರೋಗ್ಯದ ಗತಿಯೇನು? ಪ್ಯಾಲೆಸ್ತೀನಿನ ಐದಾ ನಿರಾಶ್ರಿತರ ಶಿಬಿರ ಇದಕ್ಕೊಂದು ಉದಾಹರಣೆ.

ಬೆತ್ಲೆಹೇಮಿನ ಪಕ್ಕದಲ್ಲಿರುವ ಈ ಶಿಬಿರ ಸ್ಥಾಪನೆಯಾದದ್ದು 1950ರಲ್ಲಿ. 1948ರ ಯುದ್ಧದಲ್ಲಿ ಜೆರುಸಲೇಮ್ ಮತ್ತು ಹೆಬ್ರಾನ್‌ನ ಪಶ್ಚಿಮದ ಹಳ್ಳಿಗಳಿಂದ ಮನೆಮಠ ಕಳೆದುಕೊಂಡು ಬಂದವರು ಇಲ್ಲಿ ಮೊದಲು ಡೇರೆಗಳಲ್ಲಿದ್ದರು. ನಂತರ ಪುಟ್ಟ ಕೋಣೆಗಳಾದವು. 1967ರಲ್ಲಿ ಈ ಪ್ರದೇಶ ಇಸ್ರೇಲಿನ ಸೇನೆಯ ವಶವಾಯಿತು. 2002ರ ನಂತರ ಇಸ್ರೇಲ್ ಕಟ್ಟಿದ ಎತ್ತರದ ಕಾಂಕ್ರೀಟ್ ಗೋಡೆ ಶಿಬಿರದ ಅಂಚಿಗೇ ಬಂತು. ಇರುವ ನೆಲ ಸುಮಾರು ಹದಿನೇಳೂವರೆ ಎಕರೆ. ಜನ ಐದು ಸಾವಿರಕ್ಕೂ ಹೆಚ್ಚು. ಸಂಸಾರ ದೊಡ್ಡದಾದಂತೆ ಮನೆಯ ಮೇಲೆ ಮನೆ ಎದ್ದಿತು. ಬೆಳಕು, ಗಾಳಿ ಕಡಿಮೆಯಾದವು.

ಗೋಡೆಯ ಬಳಿ ಯುವಕರು ಕಲ್ಲು ತೂರುವುದು, ಸೈನಿಕರು ಅಶ್ರುವಾಯು ಸಿಡಿಸುವುದು ವರ್ಷಗಟ್ಟಲೆ ನಡೆದಿದೆ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ ಐದಾ ಮತ್ತು ಹತ್ತಿರದ ಧೈಶೆ ಶಿಬಿರಗಳಲ್ಲಿ ಜನರನ್ನು ವಿಚಾರಿಸಿತು. ಹಿಂದಿನ ಒಂದು ವರ್ಷದಲ್ಲಿ ತಮಗೆ ಅಶ್ರುವಾಯು ತಗುಲಿತ್ತೆಂದು ಎಲ್ಲರೂ ಹೇಳಿದರು. ಬಹುಪಾಲು ಮಂದಿಗೆ ಅದು ಮನೆಯೊಳಗೇ ತಗುಲಿತ್ತು.

ಹೆಸರು ವಾಯು, ವಸ್ತು ಪುಡಿ

ಅಶ್ರುವಾಯು ನಿಜವಾಗಿ ಅನಿಲವಲ್ಲ. ಸಾಮಾನ್ಯವಾಗಿ ಬಳಸುವ ಸಿ.ಎಸ್. ಎಂಬ ರಾಸಾಯನಿಕ ಅತಿ ಸೂಕ್ಷ್ಮ ಪುಡಿಯಾಗಿ ಗಾಳಿಯಲ್ಲಿ ಹರಡಿ ಕಣ್ಣು, ಮೂಗು, ಗಂಟಲಿನ ನರಗಳ ತುದಿಯನ್ನು ಕೆರಳಿಸುತ್ತದೆ. ಬಯಲಿನಲ್ಲಾದರೆ ಉರಿ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಪುಡಿ ಹಾಸಿಗೆ, ಬಟ್ಟೆ, ನೆಲದ ಮೇಲೆ ಕೂತು, ಕೊಡವಿದಾಗ ಮತ್ತೆ ಏಳುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಸೇವಿಸುತ್ತಾರೆ. ಅವರ ಶ್ವಾಸನಾಳವೂ ಕಿರಿದು. ಆದ್ದರಿಂದ ಮಕ್ಕಳಿಗೆ, ಉಬ್ಬಸದವರಿಗೆ, ವೃದ್ಧರಿಗೆ ಅಪಾಯ ಹೆಚ್ಚು.

ಪ್ರಥಮ ಚಿಕಿತ್ಸೆ

ಎಲ್ಲಿಯಾದರೂ ಅಶ್ರುವಾಯು ತಗುಲಿದರೆ ಗಾಳಿ ಬೀಸಿ ಬರುವ ದಿಕ್ಕಿನ ತೆರೆದ ಜಾಗಕ್ಕೆ ಹೋಗಬೇಕು. ಕಣ್ಣು ಉಜ್ಜಬಾರದು, ಹತ್ತು ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆಯಬೇಕು. ಬಟ್ಟೆ ಬದಲಿಸಿ, ಮೈಯನ್ನು ಸೋಪು ಹಾಕಿ ತೊಳೆಯಬೇಕು. ಉಬ್ಬಸವಿರುವವರು ತಮ್ಮ ಇನ್‌ಹೇಲರ್ ಬಳಸಬೇಕು. ಉಸಿರಾಟದ ತೊಂದರೆ ಅಥವಾ ಕಣ್ಣಿನ ನೋವು ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

1993ರ ರಾಸಾಯನಿಕ ಅಸ್ತ್ರಗಳ ಒಪ್ಪಂದ ಅಶ್ರುವಾಯುವನ್ನು ಯುದ್ಧದ ಅಸ್ತ್ರವಾಗಿ ಬಳಸಬಾರದೆಂದು ನಿಷೇಧಿಸಿದೆ. ಶಾಂತಿ ಸುವ್ಯವಸ್ಥೆಯ ಪಾಲನೆಗೆ ಬಳಸಲು ಅವಕಾಶ ಕೊಟ್ಟಿದೆ. ಉಬ್ಬಸದ ಮಗುವಿನ ತಾಯಿಗೆ ನಾವು ವೈದ್ಯರು ಮೊದಲು ಹೇಳುವುದು, ಹೊಗೆ ಧೂಳಿನಿಂದ ಮಗುವನ್ನು ದೂರವಿಡಿ ಎಂದು. ಐದಾದ ತಾಯಿ ಆ ಸಲಹೆಯನ್ನು ಪಾಲಿಸುವುದಾದರೂ ಹೇಗೆ? ಅಲ್ಲಿನ ಉಬ್ಬಸಕ್ಕೆ ಔಷಧಿಯಷ್ಟೇ ಸಾಲದು.