ಸ್ಕ್ಯಾನಿಂಗ್ ನೋಡಿ ಹೆದರಬೇಡಿ, ಕ್ಯಾಲೆಂಡರ್ ನೋಡಿ

ಸವದತ್ತಿಯಲ್ಲಿರುವ ಅಕ್ಕನ ಮಗಳಿಗೆ 19 ವರ್ಷ. ಹೊಟ್ಟೆನೋವೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ನೀರುಗುಳ್ಳೆ ಕಂಡವು. ‘ಪಿಸಿಒಡಿ’ ಎಂಬ ನಾಲ್ಕಕ್ಷರ ಕೇಳಿದ್ದೇ ತಡ, ಅಕ್ಕ ರಾಮದುರ್ಗದ ಗಂಡಿನ ಕಡೆಯವರಿಗೆ ಸದ್ಯ ಬರಬೇಡಿ ಎಂದುಬಿಟ್ಟಳು. ‘ತಂಗೀ, ಇಕಿಗಿ ಮಕ್ಕಳಾಗೂದಿಲ್ಲೇನ?’ ಎಂದು ಫೋನಿನಲ್ಲಿ ಒಂದೇ ಸಮನೆ ಅಳು.

ಹುಡುಗಿಯನ್ನೇ ಕೇಳಿದೆ. ‘30–32 ದಿನಕ್ಕ ಬರೋಬರಿ ಮುಟ್ಟಾಗ್ತೀನಿ, ಚಿಗವ್ವ’ ಎಂದಳು. ಮುಖದ ಮೇಲೆ ಕೂದಲಿಲ್ಲ, ಮೊಡವೆಯೂ ಇಲ್ಲ. ಬೈಲಹೊಂಗಲಕ್ಕೆ ಕರೆಸಿಕೊಂಡು ಸ್ತ್ರೀರೋಗ ತಜ್ಞೆಗೆ ತೋರಿಸಿದೆವು. ಅವರು ರಿಪೋರ್ಟ್ ಪಕ್ಕಕ್ಕಿಟ್ಟು ಮುಟ್ಟಿನ ತಾರೀಖು ಕೇಳಿದರು!

ಆ ಗುಳ್ಳೆಗಳು ಗಡ್ಡೆಗಳಲ್ಲ, ಅರ್ಧಕ್ಕೇ ಬೆಳೆದು ನಿಂತ ಅಂಡಕೋಶಗಳು. ಹರೆಯದಲ್ಲಿ ಇವು ಎಷ್ಟೋ ಹುಡುಗಿಯರಲ್ಲಿ ಸಹಜವಾಗಿಯೇ ಕಾಣುತ್ತವೆ. ಅದಕ್ಕೇ ಮೊದಲ ಮುಟ್ಟಿನಿಂದ 8 ವರ್ಷದವರೆಗೆ ಸ್ಕ್ಯಾನಿಂಗ್ ನೋಡಿ ಈ ಕಾಯಿಲೆ ನಿರ್ಧರಿಸಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ಹುಡುಗಿ ದೊಡ್ಡಾಕಿ ಆಗಿದ್ದು 13ಕ್ಕೆ. ಲೆಕ್ಕ ನೀವೇ ಹಾಕಿ.

ಇನ್ನು ನಮ್ಮ ಓಣಿಯ ವೈನಿಯೊಬ್ಬರ ಕಥೆ ಉಲ್ಟಾ. ಮೂರು ತಿಂಗಳಿಗೊಮ್ಮೆ ಮುಟ್ಟು, ಗದ್ದದ ಮೇಲೆ ಒರಟು ಕೂದಲು, ಎಷ್ಟು ತಿಕ್ಕಿದರೂ ಹೋಗದ ಕೊರಳಿನ ಕಪ್ಪು. ‘ಹಡದ ಮ್ಯಾಲ ಎಲ್ಲಾ ಸರಿ ಹೋಗ್ತದ’ ಎಂದು ಹಿರಿಯರು ಸುಮ್ಮನಿರಿಸಿದ್ದರು. ನಿಜವಾದ ಪಿಸಿಒಎಸ್ ಇದ್ದದ್ದು ಇವರಿಗೆ.

ತಪ್ಪುವ ಮುಟ್ಟು, ಗಂಡು ಹಾರ್ಮೋನ್ ಹೆಚ್ಚಾದ ಗುರುತು, ಸ್ಕ್ಯಾನಿಂಗ್‌ನ ಗುಳ್ಳೆ: ಈ ಮೂರರಲ್ಲಿ ಎರಡಾದರೂ ಇರಬೇಕು. ಮೊದಲೆರಡೂ ಇದ್ದರೆ ಸ್ಕ್ಯಾನಿಂಗ್ ಖರ್ಚೇ ಬೇಡ. ಆದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಪರೀಕ್ಷೆ ಬಿಡಬೇಡಿ. ಅವು ಹೆಚ್ಚುಕಡಿಮೆಯಾದರೂ ಮುಟ್ಟು ತಪ್ಪುತ್ತದೆ. ಕೊರಳಿನ ಕಪ್ಪು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸೂಚನೆ ಇರಬಹುದು. ವೈನಿಗೆ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿದರು.

ಮುಟ್ಟು 21 ದಿನದೊಳಗೆ ಅಥವಾ 35 ದಿನ ದಾಟಿ ಬರುತ್ತಿದ್ದರೆ ವೈದ್ಯರನ್ನು ಕಾಣಿ. 90 ದಿನ ದಾಟಿದರಂತೂ ತಡ ಮಾಡಬೇಡಿ. ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ. ಮಕ್ಕಳ ಚಿಂತೆಯೇ? ಅಂಡ ಬಿಡುಗಡೆಯಾಗಲು ಮಾತ್ರೆಗಳಿವೆ, ಬಹಳ ಮಂದಿಗೆ ಫಲ ಕೊಟ್ಟಿವೆ.

ಅಕ್ಕ ಈಗ ರಾಮದುರ್ಗಕ್ಕೆ ಮತ್ತೆ ಫೋನ್ ಮಾಡಬೇಕೆಂದಿದ್ದಾಳೆ. ಹುಡುಗಿ ಮಾತ್ರ, ‘ಮೊದಲ ಬಿ.ಕಾಂ. ಮುಗಸ್ತೀನಿ’ ಅಂತಾಳೆ.