ಒಲೆಯ ಮುಂದಿನ ಉಡುಪು

ಚಳಿಗಾಲದ ಮೂರು ತಿಂಗಳನ್ನು ಅಮೆರಿಕೆಯಲ್ಲಿ ಮಗಳ ಮನೆಯಲ್ಲಿ ಕಳೆಯಬೇಕಾಗಿ ಬಂದಾಗ, ಹೊರಗೆ ಕಾಲಿಡಲಾಗದ ಹಿಮದ ದಿನಗಳಲ್ಲಿ ನನ್ನ ಬೇಸರವನ್ನು ನೀಗಿದವರು ಅಲ್ಲಿನ ಹಳೆಯ ಟೆಲಿವಿಷನ್ ಹಾಸ್ಯನಾಟಕಗಳ ಗೃಹಿಣಿಯರು. ಎರಡನೆಯ ಮಹಾಯುದ್ಧ ಮುಗಿದ ತರುವಾಯ ಆ ದೇಶದ ಮನೆಮನೆಗೂ ಟೆಲಿವಿಷನ್ ಪೆಟ್ಟಿಗೆ ಬಂದ ಕಾಲದ ಕಥೆಗಳು ಅವು. ಕಪ್ಪು ಬಿಳುಪಿನವು, ಅರ್ಧ ಗಂಟೆಯವು. ಗಂಡ ಕೆಲಸದಿಂದ ಬರುತ್ತಾನೆ, ಮಕ್ಕಳು ಏನಾದರೊಂದು ತಂಟೆ ಮಾಡಿರುತ್ತಾರೆ, ಹೆಂಡತಿ ಅಡಿಗೆಮನೆಯಲ್ಲಿರುತ್ತಾಳೆ. ಮಾತಿನ ಚಮತ್ಕಾರ ಅರ್ಧಕ್ಕರ್ಧ ನನಗೆ ದಕ್ಕಲಿಲ್ಲವಾಗಿ, ಕಣ್ಣು ಉಡುಪಿನ ಮೇಲೆ ನಿಂತಿತು.

1957ರಿಂದ 1963ರವರೆಗೆ ನಡೆದ ‘ಲೀವ್ ಇಟ್ ಟು ಬೀವರ್’ ಎಂಬುದರಲ್ಲಿ ತಾಯಿಯ ಪಾತ್ರ ವಹಿಸಿದವರು ಬಾರ್ಬರಾ ಬಿಲ್ಲಿಂಗ್ಸ್ಲಿ. ಆಕೆ ಅಡಿಗೆ ಮಾಡುವಾಗಲೂ ಕೊರಳಲ್ಲಿ ಮುತ್ತಿನ ಸರ, ಕಾಲಲ್ಲಿ ಎತ್ತರದ ಹಿಮ್ಮಡಿಯ ಪಾದರಕ್ಷೆ. ಇದು ಸಿರಿವಂತಿಕೆಯ ಜಂಬವೆಂದು ನಾನು ನಕ್ಕೆ. ಆಮೇಲೆ ಕಾರಣ ತಿಳಿಯಿತು. ಆಕೆಯ ಕೊರಳಿನ ಬುಡದಲ್ಲಿ ಒಂದು ತಗ್ಗಿದ್ದು, ಕ್ಯಾಮೆರಾದಲ್ಲಿ ಅದು ನೆರಳಾಗಿ ಕಾಣುತ್ತಿದ್ದುದರಿಂದ ಮುತ್ತು ಬಂತಂತೆ. ಮಕ್ಕಳ ಪಾತ್ರದ ಹುಡುಗರು ವರ್ಷವರ್ಷಕ್ಕೆ ಎತ್ತರವಾಗುತ್ತಿದ್ದುದರಿಂದ ಹಿಮ್ಮಡಿ ಎತ್ತರವಾಯಿತಂತೆ. ನಾನು ನಕ್ಕದ್ದು ತಪ್ಪಾಯಿತು.

1961ರಲ್ಲಿ ಮೊದಲಾದ ‘ಡಿಕ್ ವ್ಯಾನ್ ಡೈಕ್ ಷೋ’ದಲ್ಲಿ ಮೇರಿ ಟೈಲರ್ ಮೂರ್ ಎಂಬ ನಟಿ, ಮನೆ ಗುಡಿಸುವ ಹೆಂಗಸರಾರೂ ಹರಡಿದ ಲಂಗ ತೊಡುವುದಿಲ್ಲ, ನಾವೆಲ್ಲ ಪ್ಯಾಂಟನ್ನೇ ತೊಡುವುದೆಂದು ಹಟ ಹಿಡಿದು ಹಾಗೆಯೇ ತೊಟ್ಟರು. ಜಾಹೀರಾತು ಕೊಡುವ ಸಾಹುಕಾರರಿಗೆ ಇದು ಹಿಡಿಸದೆ, ಕಥೆಗೊಂದು ದೃಶ್ಯದಲ್ಲಿ ಮಾತ್ರ ಎಂದು ಮೊದಲು ಕಟ್ಟು ಮಾಡಿದರು. ಆ ಕಟ್ಟು ಬಹುಕಾಲ ನಿಲ್ಲಲಿಲ್ಲವೆನ್ನಿ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ‘ದಿ ಹನಿಮೂನರ್ಸ್’. 1955ರಲ್ಲಿ ಮೊದಲಾಗಿ 1956ರಲ್ಲಿ ಮುಗಿದುಹೋದ, ಮೂವತ್ತೊಂಬತ್ತೇ ಕಂತುಗಳ ನಾಟಕ. ಗಂಡ ಬಸ್ಸಿನ ಚಾಲಕ. ಬೋಳು ಗೋಡೆಯ ಒಂದು ಕೋಣೆ, ಒಂದು ಮೇಜು, ಹಳೆಯ ಒಲೆ. ಹೆಂಡತಿ ಆಲಿಸ್‌ಳ ಮೈಮೇಲೆ ಮಾಸಲು ಉಡುಪು, ಅದರ ಮೇಲೊಂದು ಮೇಲುಡುಗೆ. ಈ ಪಾತ್ರಕ್ಕೆ ಆಡ್ರಿ ಮೆಡೋಸ್ ತೀರ ಚೆಲುವೆಯಾದರೆಂದು ನಾಯಕ ಜಾಕಿ ಗ್ಲೀಸನ್ ಒಪ್ಪದೆ ಹೋದಾಗ, ಆಕೆ ಬೆಳಗ್ಗೆ ಎದ್ದ ಹಾಗೆಯೇ, ಬಣ್ಣ ಹಚ್ಚದೆ, ತಲೆ ಬಾಚದೆ ಚಿತ್ರ ತೆಗೆಯಿಸಿ ಕಳುಹಿಸಿ ಆ ಪಾತ್ರವನ್ನು ಗಳಿಸಿಕೊಂಡರು. ಈ ಸಂಗತಿಯನ್ನು ಮಗಳು ಹೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಹೊನ್ನೂರಿನವನು ನಾನು. ಯಳಂದೂರಿನ ಸೀಮೆ, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. 1956ರ ನವೆಂಬರ್ 1ರವರೆಗೆ ನೆರೆಯ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ, ಅಲ್ಲಿ ಹುಟ್ಟಿದ ನನ್ನ ತಾಯಿ ನಾಲ್ಕೈದು ಹರದಾರಿಯೊಳಗೇ ರಾಜ್ಯ ದಾಟಿ ಮೈಸೂರಿನ ಸೊಸೆಯಾದವಳು. ಆಕೆ ರೇಷ್ಮೆ ನೂಲು ಬಿಚ್ಚುತ್ತಿದ್ದಳು. ಕುದಿಯುವ ನೀರಿನಲ್ಲಿ ಗೂಡು ತೇಲಿಬಿಟ್ಟು, ಎಳೆಯ ತುದಿ ಹುಡುಕಿ, ಏಳೆಂಟು ಗೂಡುಗಳ ಎಳೆಯನ್ನು ಒಂದುಮಾಡಿ ಚರಕಕ್ಕೆ ಕೊಡುವ ಕೆಲಸ. ಒಂದು ಗೂಡಿನಲ್ಲಿ ನೂರಾರು ಗಜ ಎಳೆ. ಒಂದು ಸೀರೆಗೆ ಸಾವಿರಾರು ಗೂಡು. ಬೆಂದ ಹುಳುವಿನ ವಾಸನೆ ತಲೆಗೂದಲಿಗೂ ಹತ್ತುತ್ತಿತ್ತು. ಬೆರಳ ತುದಿಗಳು ನೀರಿನಲ್ಲಿ ನೆನೆದು ಬಿಳಿಚಿ ಸುಲಿಯುತ್ತಿದ್ದುವು. ಕೊಳ್ಳೇಗಾಲದ ಜರಿಯಂಚಿನ ಸೀರೆಗಳಿಗೆ ಹೋದ ನೂಲಿನಲ್ಲಿ ಆಕೆಯ ಬೆರಳಿನದೂ ಇತ್ತೆಂದು ನಾನು ನಂಬಿದ್ದೇನೆ. ಆಕೆ ಉಡುತ್ತಿದ್ದುದು ಮಾತ್ರ ಸಂತೆಯಲ್ಲಿ ಕೊಂಡ ನೂಲಿನ ಚೌಕಳಿ ಸೀರೆ. ಎರಡು, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ.

ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸಿನವರು ಡೇರೆ ಹಾಕುತ್ತಿದ್ದರು. ಹೆಸರು ಮರೆತ ಯಾವುದೋ ಚಿತ್ರದಲ್ಲಿ ಬಡವನ ಹೆಂಡತಿ ಒಲೆ ಊದುತ್ತಿದ್ದಾಳೆ. ತಾಯಿ ನನ್ನ ಕಿವಿಯ ಬಳಿ, “ಇದೇನ್ ಮಗ, ಒಲ ಮುಂದ ರೇಷ್ಮ ಉಟ್ಕಂಡು ಕುಂತವಳಲ್ಲ! ಕಿಡಿ ಹಾರುದ್ರ?” ಎಂದಳು. ಸೆರಗು ಸುಟ್ಟೀತೆಂಬ ಆತಂಕದಲ್ಲಿ ಮುಂದಿನ ಕಥೆಯನ್ನು ಆಕೆ ನೋಡಲೇ ಇಲ್ಲ. ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಮಾತ್ರ ಆಕೆಗೆ ಹಿಡಿಸಿತು. 1958ರ ಆ ಚಿತ್ರ ನಮ್ಮ ಡೇರೆಗೆ ಬರುವ ವೇಳೆಗೆ ಕೆಲವು ವರ್ಷಗಳೇ ಆಗಿದ್ದುವು. ಅದರಲ್ಲಿ ಮೇಷ್ಟರ ಮಡದಿಯಾಗಿ ಎಂ. ವಿ. ರಾಜಮ್ಮನವರನ್ನು ಕಂಡು, “ಈವಮ್ಮ ನಮ್ಮೋಳು” ಎಂದಿದ್ದಳು. ಕಲ್ಪನಾ ಅವರ ಸೀರೆ ರವಿಕೆಗಳ ಸೊಗಸನ್ನು ಊರಿನ ಹುಡುಗಿಯರು ಬಾಯಿಪಾಠ ಮಾಡಿದ ದಿನಗಳು ಮುಂದೆ ಬಂದುವು, ‘ಬೆಳ್ಳಿಮೋಡ’ 1967ರದು. ಆ ಸೊಗಸನ್ನು ನಾನೂ ಮೆಚ್ಚಿದವನೇ. ದಿನವೆಲ್ಲ ಬಿಸಿನೀರಿನಲ್ಲಿ ಕೈಯಿಟ್ಟವರು ಸಂಜೆ ಡೇರೆಗೆ ಬರುವುದು ಇನ್ನೊಂದು ಹಂಡೆ ನೋಡುವುದಕ್ಕಲ್ಲವಲ್ಲ!

ನನ್ನಲ್ಲಿರುವುದು ತಾಯಿಯ ಒಂದೇ ಛಾಯಾಚಿತ್ರ. 1964ರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಅದಕ್ಕಾಗಿ ಪಕ್ಕದ ಮನೆಯ ಅಕ್ಕನಿಂದ ರೇಷ್ಮೆ ಸೀರೆ ಎರವಲು ತಂದಳು. ದಾರಿಯುದ್ದಕ್ಕೂ ಧೂಳು ತಾಗದಂತೆ ಅದನ್ನು ಗಂಟಿನಲ್ಲಿ ಹೊತ್ತು, ಸ್ಟುಡಿಯೋದ ಪರದೆಯ ಹಿಂದೆ ಉಟ್ಟಳು. ಚಿತ್ರದಲ್ಲಿ ಆಕೆಯ ಕೈಗಳು ಕಾಣುವುದಿಲ್ಲ. ಕೈ ಮುಂದಿಡೆಂದು ಸ್ಟುಡಿಯೋದಾತ ಎರಡು ಸಲ ಹೇಳಿದ್ದನ್ನು ಬಲ್ಲೆ; ಎರಡು ಸಲವೂ ಆಕೆ ಸೆರಗನ್ನೇ ಇನ್ನಷ್ಟು ಎಳೆದುಕೊಂಡಳು. ಆಗ ಎಂಟು ವರ್ಷದವನಾಗಿದ್ದ ನನಗೆ ಅದು ನಾಚಿಕೆಯೆಂದು ತೋರಿತ್ತು.

ಮೊಮ್ಮಗಳಿಗೆ ಅಜ್ಜಿಯೆಂದರೆ ಈ ಜರಿಯಂಚಿನ ಹೆಂಗಸು. “ಮುತ್ತಜ್ಜಿ ತುಂಬಾ ರಿಚ್ ಆಗಿದ್ದರಾ ತಾತ?” ಎಂದು ಆ ಮಗು ಕೇಳಿತು. ಸೀರೆ ಎರವಲಿನದೆಂದೆ. ಹಾಗಾದರೆ ಅವರದು ಹೇಗಿತ್ತು ಎಂದು ಮರುಪ್ರಶ್ನೆ. ಟೆಲಿವಿಷನ್ನಿನಲ್ಲಿ ಆಲಿಸ್ ಒಲೆಯ ಮುಂದೆ ನಿಂತಿದ್ದಳು. ಅವಳ ಮೇಲುಡುಗೆಯನ್ನು ತೋರಿಸಿ, ಹೆಚ್ಚು ಕಡಮೆ ಹೀಗೆಯೇ ಮಾಸಿತ್ತು, ಆದರೆ ಚೌಕಳಿ ಎಂದೆ. ಬಣ್ಣ ಯಾವುದೆಂದಾಗ ತಡವರಿಸಿದೆ.

ಹಿಂದಿರುಗಿದ ಮೇಲೆ ಹೊನ್ನೂರಿಗೆ ಹೋಗಿ ಅಕ್ಕನನ್ನು ಕೇಳಿದೆ. “ಇಟ್ಟಿಗೆ ಬಣ್ಣ ಕನ, ಅಷ್ಟೂ ಮರ್ತೋಯ್ತಾ?” ಎಂದಳು. ನನ್ನ ಕಣ್ಣ ಮುಂದಿರುವುದು ನೀಲಿ. ಎರಡು ಸೀರೆಗಳಿದ್ದುವಷ್ಟೆ, ಅವಳು ಒಂದನ್ನು, ನಾನು ಇನ್ನೊಂದನ್ನು ನೆನಪಿಟ್ಟಿರಬಹುದು. ಅಕ್ಕ ಒಪ್ಪಲಿಲ್ಲ. ನೀಲಿಯದು ಎಂದೂ ಇರಲೇ ಇಲ್ಲವೆಂದು ಹೇಳುತ್ತ ಕಾಫಿಗೆ ನೀರಿಡಲು ಒಳಗೆ ಹೋದಳು.